ಎರಡು ಡಿಸ್ಕ್ ಇರುವ ವರ್ಕ್‌ಸ್ಟೇಷನ್ ಬೂಟ್ ಆಗುತ್ತಿಲ್ಲವೇ? ರಿಪೇರಿಗೆ ಕೊಡುವ ಮೊದಲು ಇದನ್ನು ಓದಿ

ಇನ್ನೂ ಸಿಟ್ಟು ಇಳಿದಿಲ್ಲ. ಬೇರೆ ಯಾರಿಗೂ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ನನ್ನ ವರ್ಕ್‌ಸ್ಟೇಷನ್‌ನಲ್ಲಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಹಾರ್ಡ್‌ಡಿಸ್ಕ್‌ನಲ್ಲಿ ಕೆಲಸದ ಫೈಲುಗಳು. ಇದ್ದಕ್ಕಿದ್ದಂತೆ ಕಪ್ಪು ಪರದೆ, ಬೂಟ್ ಡಿವೈಸ್ ಇಲ್ಲ ಅನ್ನುವ ಸಾಲು. ಸರ್ವಿಸ್‌ನವರ ಹತ್ತಿರ ಒಯ್ದೆ.

ಆತ ನನ್ನೆದುರೇ ಕ್ಯಾಬಿನೆಟ್ ಬಿಚ್ಚಿ ಹಾರ್ಡ್‌ಡಿಸ್ಕ್ ಕಳಚಿಟ್ಟ. "ಈಗ ಎಸ್‌ಎಸ್‌ಡಿ ಒಂದೇ ಇದೆ, ನೋಡಿ ಸಾರ್" ಅಂತ ಆನ್ ಮಾಡಿದ. ಮತ್ತೆ ಅದೇ ಸಾಲು. "ನೋಡಿದ್ರಾ? ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕ್ಬೇಕು." ಕಣ್ಣಾರೆ ನೋಡಿದ ಮೇಲೆ ಇನ್ನೇನು ಕೇಳುವುದು, ಒಪ್ಪಿದೆ. ಹಾರ್ಡ್‌ಡಿಸ್ಕ್ ಮುಟ್ಟಬೇಡಿ, ಡೇಟಾ ಇದೆ ಅಂತ ಬಿಡಿಸಿ ಹೇಳಿದ್ದೆ. ಬಿಡಿಸಿ ಹೇಳಿದ್ದೆ!

ಮನೆಗೆ ತಂದು ನೋಡಿದರೆ ಹಾರ್ಡ್‌ಡಿಸ್ಕ್ ಖಾಲಿ. ಫೋನ್ ಮಾಡಿದರೆ, "ವಿಂಡೋಸ್ ಹಾಕುವಾಗ ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಲೇಬೇಕು ಸಾರ್" ಅಂದ. ಶುದ್ಧ ಸುಳ್ಳು. ಒಂದು ಡಿಸ್ಕ್‌ಗೆ ವಿಂಡೋಸ್ ಹಾಕಲು ಇನ್ನೊಂದನ್ನು ಅಳಿಸಬೇಕಾಗಿಯೇ ಇಲ್ಲ.

ಹಳೇ ಎಸ್‌ಎಸ್‌ಡಿ ವಾಪಸ್ ಕೊಡಿ ಅಂದೆ. "ಅದು ಸ್ಕ್ರ್ಯಾಪ್, ನಿಮಗ್ಯಾಕೆ?" ಜಗಳ ಆಡಿಯೇ ಇಸಿದುಕೊಂಡೆ. ಯುಎಸ್‌ಬಿ ಕೇಸಿಗೆ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಎಲ್ಲಾ ಫೋಲ್ಡರ್‌ಗಳೂ ಇದ್ದಲ್ಲೇ ಇವೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಹೆಲ್ತ್ 'ಗುಡ್'. ಸತ್ತಿದೆ ಅಂದ ಡಿಸ್ಕ್!

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ವಿಷಯ ತಿಳಿಯಿತು. ಆ ಎಸ್‌ಎಸ್‌ಡಿಯಲ್ಲಿ ಇಎಫ್‌ಐ ಪಾರ್ಟಿಷನ್ನೇ ಇಲ್ಲ, ಅಂದರೆ ವಿಂಡೋಸ್ ಶುರುವಾಗಲು ಬೇಕಾದ ಬೂಟ್ ಫೈಲುಗಳಿರುವ ಭಾಗವೇ ಇಲ್ಲ. ಎರಡೂ ಡಿಸ್ಕ್ ಜೋಡಿಸಿಟ್ಟು ವಿಂಡೋಸ್ ಹಾಕಿದರೆ, ಬೂಟ್ ಫೈಲುಗಳು ಕೆಲವೊಮ್ಮೆ ಇನ್ನೊಂದು ಡಿಸ್ಕ್‌ನಲ್ಲಿ ಹೋಗಿ ಕೂರುತ್ತವೆ. ನನ್ನದರಲ್ಲಿ ಅವು ಇದ್ದದ್ದು ಹಾರ್ಡ್‌ಡಿಸ್ಕ್‌ನಲ್ಲಿ. ಅದನ್ನು ಕಳಚಿದರೆ ಎಸ್‌ಎಸ್‌ಡಿ ಎಷ್ಟೇ ಚೆನ್ನಾಗಿರಲಿ, ಬೂಟ್ ಆಗುವುದೇ ಇಲ್ಲ. ಆತ ನನಗೆ ತೋರಿಸಿದ 'ಟೆಸ್ಟ್' ಯಾವತ್ತು ಮಾಡಿದ್ದರೂ ಫೇಲೇ ಆಗುತ್ತಿತ್ತು. ಅದನ್ನು ನೋಡಿ ನಾನು ತಲೆಯಾಡಿಸಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಬಿಲ್ ನೋಡಿದೆ. ಕೊನೇ ಸಾಲಿನಲ್ಲಿ ಸಣ್ಣಗೆ: ಸಾಟಾ ಕೇಬಲ್. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಕೇಬಲ್ ಅದು. ಇದೇಕೆ ಅಂತ ಆತನಿಗೆ ಫೋನ್ ಮಾಡಿದೆ.

"ಹಾರ್ಡ್‌ಡಿಸ್ಕ್ ಕೇಬಲ್ ಲೂಸ್ ಇತ್ತು ಸಾರ್, ಅದಕ್ಕೇ ಬದಲಾಯಿಸಿದ್ವಿ."

ಬೂಟ್ ಫೈಲು ಇದ್ದ ಡಿಸ್ಕ್‌ನ ಕೇಬಲ್ಲೇ ಲೂಸ್, ಅದಕ್ಕೇ ಬೂಟ್ ಆಗಿರಲಿಲ್ಲ. ಅಂದರೆ ಗೊತ್ತಿತ್ತು! ಹಾಗಾದರೆ ಎಸ್‌ಎಸ್‌ಡಿ ಯಾಕೆ ಬದಲಾಯಿಸಿದಿರಿ? "ಈಗ ಫಾಸ್ಟ್ ಆಗಿದೆಯಲ್ಲ ಸಾರ್." ನನ್ನ ಡೇಟಾ? "ಡೇಟಾಗೆ ನಾವು ಜವಾಬ್ದಾರರಲ್ಲ, ಬಿಲ್ ಕೆಳಗೇ ಇದೆ." ಆಮೇಲೆ ಫೋನೇ ಎತ್ತುತ್ತಿಲ್ಲ.

ದಯವಿಟ್ಟು ಮೊದಲು ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಹೋಗಿ ಎರಡೂ ಡಿಸ್ಕ್‌ಗಳ ಹೆಸರು ಕಾಣುತ್ತಿವೆಯೇ ನೋಡಿ. ಒಂದು ಕಾಣದಿದ್ದರೆ ಪವರ್ ಪೂರ್ತಿ ತೆಗೆದು ಅದರ ಕೇಬಲ್ ಬಿಗಿಮಾಡಿ, ಇಲ್ಲವೇ ಬೇರೆ ಕೇಬಲ್ ಹಾಕಿ ನೋಡಿ. ಬೂಟ್ ಫೈಲು ಹಾಳಾಗಿದ್ದರೂ ವಿಂಡೋಸ್‌ನದ್ದೇ ಬಿಸಿಡಿಬೂಟ್ (bcdboot) ಕಮಾಂಡ್‌ನಿಂದ ಮತ್ತೆ ಬರೆಸಬಹುದು, ಅದಕ್ಕೆ ಹೊಸ ಡಿಸ್ಕ್ ಬೇಕಿಲ್ಲ. ವಿಂಡೋಸ್ ಹೊಸದಾಗಿ ಹಾಕಲೇಬೇಕಾದರೆ ಇನ್ನೊಂದು ಡಿಸ್ಕ್ ಕಳಚಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಬಾಯಿಮಾತು ನಂಬಬೇಡಿ, ಜಾಬ್ ಶೀಟ್‌ನಲ್ಲಿ ಬರೆಸಿ. ಹಳೇ ಪಾರ್ಟ್ ಕೇಳಿ ಪಡೆಯಿರಿ, ನಾಚಿಕೆ ಬೇಡ.

ಆಗಲೇ ಡಿಸ್ಕ್ ಅಳಿಸಿಬಿಟ್ಟಿದ್ದರೆ ಅದರ ಮೇಲೆ ಒಂದು ಫೈಲೂ ಕಾಪಿ ಮಾಡಬೇಡಿ. ನನ್ನದನ್ನು ಕಳಚಿ ಡೇಟಾ ರಿಕವರಿಗೆ ಕೊಟ್ಟಿದ್ದೇನೆ. ಎಷ್ಟು ಸಿಗುತ್ತದೋ ಅವರೂ ಹೇಳುತ್ತಿಲ್ಲ.