ಕೊರೋನಾ ಹಾಡು: ಮುಖ ಒಬ್ಬರದು, ಗಂಟಲು ಇನ್ನೊಬ್ಬರದು

2020ರ ಲಾಕ್‌ಡೌನ್‌ನಲ್ಲಿ ನನ್ನ ಹಳೇ ಕ್ಯಾಸೆಟ್ ಡಬ್ಬ ತೆಗೆದು ಮಗಳು ನಕ್ಕಿದ್ದೇ ನಕ್ಕಿದ್ದು. ಒಂದು ಕ್ಯಾಸೆಟ್ ಮೇಲೆ ನನ್ನದೇ ಕೈಬರಹ: "ಕೊರೋನಾ. ಜೋರಾಗಿ ಹಾಕಬಾರದು." ಆಗ ನಮ್ಮನೆ ಎಡಗಡೆ ಸ್ಪೀಕರಿನ ಕೋನ್ ಹರಿದಿತ್ತು. ಈ ಹಾಡಿನ ಬೇಸ್ ಬಂದರೆ ಸಾಕು, ಡಬ್ಬದಲ್ಲಿ ಜೀರುಂಡೆ ಹಾಕಿದ ಹಾಗೆ ಗರ್ ಅನ್ನುತ್ತಿತ್ತು.

ಹಾಡು 'ದಿ ರಿದಮ್ ಆಫ್ ದ ನೈಟ್'. ಕೊರೋನಾ ಅನ್ನೋ ಇಟಲಿಯ ತಂಡದ ಮೊಟ್ಟಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಬಿಟ್ಟ ಹಾಡು. ಅವರ ಭಾಷೆಯಲ್ಲಿ ಆ ಪದಕ್ಕೆ ಕಿರೀಟ ಅಂತ ಅರ್ಥ. 1993ರಲ್ಲಿ ಇಟಲಿಯಲ್ಲಿ ಬಂತು. ಮರುವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಜಾಗ, ಆಮೇಲೆ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 11ನೇ ಜಾಗದ ತನಕ ಹೋಯಿತು. ಮೊದಲ ಹಾಡಿಗೇ ಇಷ್ಟು ಅಂದರೆ ಜಾಸ್ತಿನೇ.

ನಾನು ದಾವಣಗೆರೆ ಕಡೆಯ ರಸಮಂಜರಿ ತಂಡಗಳಲ್ಲಿ ಇಪ್ಪತ್ತು ವರ್ಷ ಕೀಬೋರ್ಡ್ ನುಡಿಸಿದವನು. ಗಣೇಶನ ಪೆಂಡಾಲು, ಊರ ಜಾತ್ರೆ, ಮದುವೆ, ಎಲ್ಲ ಆಗಿದೆ. ಹಾಗಾಗಿ ಕೀಬೋರ್ಡ್ ಹಿಂದೆ ನಿಂತವನ ಕಿವಿಗೆ ಕೇಳಿಸಿದ್ದನ್ನೇ ಬರೆಯುತ್ತೇನೆ.

ಮೊದಲು ತಾಳ. ನಾಲ್ಕು ಪೆಟ್ಟಿಗೆ ನಾಲ್ಕು ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಗುದ್ದು. ಎರಡು ಪೆಟ್ಟಿನ ನಡುವೆ ಹೈಹ್ಯಾಟ್ ಅನ್ನೋ ಜೋಡಿ ತಾಳ 'ತ್ಸ್' ಅನ್ನುತ್ತದೆ. ನಿಮಿಷಕ್ಕೆ 128 ಪೆಟ್ಟಿನ ಆಸುಪಾಸಿನ ಓಟ. ನಮ್ಮ ಟಪ್ಪಾಂಗುಚ್ಚಿ ಸೊಂಟ ತಿರುಗಿಸಿ ಹೊರಳುತ್ತದೆ. ಇದು ಹಾಗಲ್ಲ, ಹೊಲಿಗೆ ಮಿಷನ್ ಥರ ನೇರ ಹೋಗುತ್ತದೆ. ನಮ್ಮ ತಂಡದಲ್ಲಿ ನಿರೂಪಕರು ದಾನಿಗಳ ಹೆಸರು ಓದುವಾಗ ನಾನು ಸುಮ್ನೆ ಇದರ ಬಿಟ್ ನುಡಿಸುತ್ತಿದ್ದೆ. ಹಾಡು ಯಾವುದೆಂದು ಒಬ್ಬರಿಗೂ ಗೊತ್ತಿರಲಿಲ್ಲ, ಆದರೂ ಮುಂದಿನ ಸಾಲಿನ ಹುಡುಗರ ಕಾಲು ನಿಲ್ಲುತ್ತಿರಲಿಲ್ಲ.

ಆದರೆ ಧಾಟಿ ಕೇಳಿ. ಪೂರ್ತಿ ಮೈನರ್, ಅಂದರೆ ದುಃಖದ ಛಾಯೆಯ ಸ್ವರಗಳು. ಒಮ್ಮೆ ಜಾತ್ರೆಯಲ್ಲಿ ಕರೆಂಟ್ ಹೋಯಿತು, ಜನರೇಟರೂ ಕೈಕೊಟ್ಟಿತು. ಭಜನೆಯವರ ಹಾರ್ಮೋನಿಯಂ ಪಕ್ಕದಲ್ಲಿತ್ತು. ಹೊತ್ತು ಹೋಗಲಿ ಅಂತ ಇದರ ಪಲ್ಲವಿಯನ್ನು ನಿಧಾನಕ್ಕೆ ನುಡಿಸಿದೆ. ತಬಲಾದವರು ಕೇಳಿದರು: "ಇದ್ಯಾವ ಪಿಚ್ಚರಿನ ಪ್ಯಾಥೋಸ್ ಹಾಡು ಮಾರಾಯ?" ಈ ಹಾಡಿನ ಗುಟ್ಟು ಅದೇ. ಕಾಲಿಗೆ ಕುಣಿತ, ಎದೆಗೆ ಅಳು. ಆ ಕಾಲದ ಯೂರೋಡ್ಯಾನ್ಸ್, ಅಂದರೆ ಯುರೋಪಿನ ಡಿಸ್ಕೋ ಕುಣಿತದ ಹಾಡುಗಳಲ್ಲಿ ನಡುವೆ ಒಬ್ಬ ಗಂಡಸು ಬಂದು ಪಟಪಟ ರ‍್ಯಾಪ್ ಹೇಳಿ ಹೋಗುವುದು ವಾಡಿಕೆ. ಇಲ್ಲಿ ಅವನಿಲ್ಲ, ದೇವರು ದೊಡ್ಡವನು. ಇಡೀ ಹಾಡನ್ನು ಒಬ್ಬ ಹೆಂಗಸಿನ ಗಂಟಲೇ ಹೊತ್ತಿದೆ.

ಆ ಗಂಟಲು ಯಾರದು? ವಿಡಿಯೋದಲ್ಲಿ ತುಟಿ ಆಡಿಸುವವರು ಓಲ್ಗಾ ಸೋಜಾ, ಬ್ರೆಜಿಲ್‌ನವರು. ಎತ್ತರ, ನಗು, ಕುಣಿತ ಎಲ್ಲ ಚೆನ್ನ. ಹಾಡಿದವರು ಮಾತ್ರ ಸಿಸಿಲಿಯ ಜೊವಾನ್ನಾ ಬೆರ್ಸೋಲಾ, ಜೆನ್ನಿ ಬಿ ಅಂತ ಕರೆಯುತ್ತಾರೆ. ಹಾಡು ಲೋಕವೆಲ್ಲ ಸುತ್ತುವಾಗ ಅವರ ಹೆಸರು ಎಲ್ಲೂ ಇರಲಿಲ್ಲ. ತಂಡ ಕಟ್ಟಿದವರು ಸಂಗೀತ ನಿರ್ಮಾಪಕ ಫ್ರಾಂಚೆಸ್ಕೊ ಬೊಂಟೆಂಪಿ. ಆ ಕಾಲದ ಇಟಲಿಯ ಡ್ಯಾನ್ಸ್ ಹಾಡಿನ ಸ್ಟುಡಿಯೋಗಳಲ್ಲಿ ಒಬ್ಬರ ದನಿಗೆ ಇನ್ನೊಬ್ಬರ ಮುಖ ಇಡುವುದು ಮಾಮೂಲಿ. ಅಲ್ಲಿನ ಬ್ಲ್ಯಾಕ್ ಬಾಕ್ಸ್ ತಂಡವೂ ಹೀಗೇ ಮಾಡಿತ್ತು. ಅದಕ್ಕೆ ಹಾಡಿದ್ದ ಅಮೆರಿಕದ ಮಾರ್ಥಾ ವಾಶ್ ಕೋರ್ಟಿಗೇ ಹೋದರು.

ತುಟಿ ಒಬ್ಬರದು, ದನಿ ಒಬ್ಬರದು ಅಂದರೆ ನಮಗೇನೂ ಬೆರಗಿಲ್ಲ. ರಾಜ್‌ಕುಮಾರ್ ಶರೀರ, ಪಿ.ಬಿ. ಶ್ರೀನಿವಾಸ್ ಶಾರೀರ ಅಂತ ಹೇಳಿಕೊಂಡೇ ಬೆಳೆದವರು ನಾವು. ಆದರೆ ಪಿಬಿಎಸ್ ಹೆಸರು ರೇಡಿಯೋದಲ್ಲಿ ಬರುತ್ತಿತ್ತು, ಹಾಡಿನ ಪುಸ್ತಕದಲ್ಲಿ ಇರುತ್ತಿತ್ತು. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಸಣ್ಣದಲ್ಲ ಅಂತ ನನಗೆ ತಿಳಿದದ್ದು ನಮ್ಮ ತಂಡದ ಅಕ್ಕನಿಂದ. ಅವರು ಬೆಂಗಳೂರಿಗೆ ಹೋಗಿ ಟ್ರ್ಯಾಕ್ ಹಾಡಿ ಬರುತ್ತಿದ್ದರು. ಅಂದರೆ ದೊಡ್ಡ ಗಾಯಕಿ ಬರುವ ತನಕ ಜಾಗ ತುಂಬುವ ದನಿ. ಒಂದು ಭಕ್ತಿಗೀತೆ ಕ್ಯಾಸೆಟ್ಟಿನಲ್ಲಿ ದೊಡ್ಡವರು ಬರಲೇ ಇಲ್ಲ. ಅಕ್ಕನ ದನಿಯೇ ಉಳಿಯಿತು, ಕವರಿನ ಮೇಲೆ ಹೆಸರು ಮಾತ್ರ ಬೇರೆ. ವ್ಯಾನಿನಲ್ಲಿ ಡ್ರೈವರ್ ಆ ಕ್ಯಾಸೆಟ್ ಹಾಕಿ "ಎಂಥಾ ದನಿ ಅಲ್ವಾ!" ಅಂದರೆ ಅಕ್ಕ ಕಿಟಕಿ ಕಡೆ ನೋಡುತ್ತಿದ್ದರು. ಜೆನ್ನಿ ಬಿ ಕಥೆ ಓದಿದ ದಿನ ನನಗೆ ಆ ಕಿಟಕಿಯೇ ನೆನಪಾಯಿತು.

ಜೆನ್ನಿ ಬಿ ಅಲ್ಲಿಗೇ ನಿಲ್ಲಲಿಲ್ಲ ಅನ್ನುವುದು ಸಮಾಧಾನ. 2000ರಲ್ಲಿ ಇಟಲಿಯ ಸಾನ್‌ರೆಮೊ ಹಾಡಿನ ಸ್ಪರ್ಧೆಯಲ್ಲಿ ಹೊಸಬರ ವಿಭಾಗ ಗೆದ್ದರು, ಸ್ವಂತ ಮುಖದಲ್ಲಿ. ಓಲ್ಗಾ ಅವರನ್ನೂ ನಾನು ದೂರುವುದಿಲ್ಲ. ಆಮೇಲೂ ವೇದಿಕೆ ಮೇಲೆ ಕೊರೋನಾ ಹೆಸರು ಉಳಿಸಿಕೊಂಡು ಬಂದವರು ಅವರೇ.

ಕೊರತೆ ಇಲ್ಲವೇ? ಇದೆ. ಸಾಹಿತ್ಯ ಸಪ್ಪೆ, ಚರಣ ಬರುವುದೇ ಪಲ್ಲವಿಗೆ ದಾರಿ ಬಿಡಲು. ಧಾಟಿಯೂ ಪೂರ್ತಿ ಸ್ವಂತದ್ದಲ್ಲ. ಸೇ ವೆನ್! ಅನ್ನೋ ತಂಡದ 1987ರ 'ಸೇವ್ ಮಿ'ಯಿಂದ ಒಂದಷ್ಟು ಎತ್ತಿದ್ದಾರೆ. ಆ ಹಾಡು ಬರೆದವರ ಹೆಸರನ್ನು ಮಾತ್ರ ಇದರ ರಚನೆಕಾರರ ಪಟ್ಟಿಯಲ್ಲಿ ಹಾಕಿದ್ದಾರೆ. ನೋಡಿ, ಬರೆದವರಿಗೆ ಸಿಕ್ಕಿತು, ಹಾಡಿದವರಿಗೆ ಸಿಗಲಿಲ್ಲ!

ಈ ಹಾಡಿನ ಅಳುವನ್ನು ಚೆನ್ನಾಗಿ ಹಿಡಿದವರು ಫ್ರಾನ್ಸಿನ ನಿರ್ದೇಶಕಿ ಕ್ಲೇರ್ ಡೆನಿ. ಅವರ 1999ರ ಒಂದು ಸಿನಿಮಾದ ಕೊನೆಯಲ್ಲಿ ಕೆಲಸ ಕಳೆದುಕೊಂಡ ಸೈನಿಕನೊಬ್ಬ ಖಾಲಿ ಡಿಸ್ಕೋದಲ್ಲಿ ಒಬ್ಬನೇ ಇದಕ್ಕೆ ಕುಣಿಯುತ್ತಾನೆ. ಮೊದಲು ಸಿಗರೇಟು ಹಿಡಿದು ಸುಮ್ಮನೆ ನಿಂತಿರುತ್ತಾನೆ, ಆಮೇಲೆ ಮೈಮೇಲೆ ಏನೋ ಬಂದವನ ಹಾಗೆ ನೆಲಕ್ಕೆ ಬಿದ್ದು ಉರುಳುತ್ತಾನೆ. ನಮ್ಮ ತಬಲಾದವರಿಗೆ ಅದನ್ನು ತೋರಿಸಿದೆ. "ನಾನು ಅವತ್ತೇ ಹೇಳಲಿಲ್ವಾ, ಪ್ಯಾಥೋಸ್ ಅಂತ" ಅಂದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಬಿಟ್ಟುಹೋದ ಹೆಸರಿಗೆ. ಫೋನ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬೇಸ್ ಕೇಳದಿದ್ದರೆ ಅರ್ಧ ಹಾಡು ಹೋದ ಹಾಗೆ. ನಮ್ಮನೆ ಎಡಗಡೆ ಸ್ಪೀಕರಿಗೆ ಈಗ ಹೊಸ ಕೋನ್ ಹಾಕಿಸಿದ್ದೇನೆ. ಪಕ್ಕದ ಮನೆಯವರು ಊರಿಗೆ ಹೋಗುವುದನ್ನೇ ಕಾಯುತ್ತಿದ್ದೇನೆ.