ಹಳೆಯ ಹಾರ್ಡ್ ಡಿಸ್ಕ್ ಎಲ್ಲಿರಬೇಕು? ಕ್ಯಾಡಿ, ಕೇಬಲ್, ಕೇಸಿಂಗ್ ಹಾಕಿ ನೋಡಿದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಶರಣಬಸವೇಶ್ವರ ಜಾತ್ರೆಯ ಬ್ಯಾನರ್, ಬಂದೇನವಾಜ್ ಉರುಸಿನ ಉರ್ದು ಪೋಸ್ಟರ್, ಎಲ್ಲವೂ ಲ್ಯಾಪ್‌ಟಾಪಿನ 500 ಜಿಬಿ ಹಾರ್ಡ್ ಡಿಸ್ಕಿನಲ್ಲಿ. ಮಗಳ ಮದುವೆಯ ಪತ್ರಿಕೆಗೆ ಹಾಕಿದ ಚೌಕಟ್ಟೇ ಮಗನ ಮದುವೆಗೂ ಬೇಕೆಂದು ಏಳು ವರ್ಷ ಬಿಟ್ಟು ಬರುವ ಗಿರಾಕಿಗಳಿದ್ದಾರೆ, ಯಾವುದನ್ನೂ ಅಳಿಸುವಂತಿಲ್ಲ. ಆದರೆ ಬೆಳಿಗ್ಗೆ ಲ್ಯಾಪ್‌ಟಾಪ್ ಚಾಲೂ ಮಾಡಿ ಹೊರಗೆ ಚಹಾ ಕುಡಿದು ಬಂದರೂ ಅದು ಏಳುತ್ತಿರಲಿಲ್ಲ. 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ತಂದು, ವಿಂಡೋಸ್ ಇರುವ ಸಿ ಭಾಗವನ್ನಷ್ಟೇ ಅದಕ್ಕೆ ಕ್ಲೋನ್ ಮಾಡಿ (ಇದ್ದ ಹಾಗೆಯೇ ನಕಲಿಸಿ), ಹಳೆಯ ಡಿಸ್ಕಿನ ಜಾಗದಲ್ಲಿ ಕೂರಿಸಿದೆ. ಕೆಲಸದ ಕಡತಗಳಿದ್ದ ಡಿ ಡ್ರೈವ್ ಹಳೆಯದರಲ್ಲೇ ಉಳಿಯಿತು. ಈಗ ಅದನ್ನು ಎಲ್ಲಿಡುವುದು?

ಮೊದಲು ನನ್ನ ಮನಸ್ಸು ಹೋದದ್ದು ಕ್ಯಾಡಿಯ ಕಡೆಗೆ. ಡಿವಿಡಿ ಡ್ರೈವ್ ಕಳಚಿ, ಆ ಜಾಗಕ್ಕೆ ಡಿಸ್ಕ್ ಹೊತ್ತ ತಟ್ಟೆಯೊಂದನ್ನು ತುರುಕುವ ಉಪಾಯ. ಹೊರಗೆ ಬಾಲವಿಲ್ಲ, ಯುಎಸ್‌ಬಿ ಪೋರ್ಟ್ ಖರ್ಚಾಗುವುದಿಲ್ಲ. ಕ್ಯಾಡಿಗಳು 9.5 ಮತ್ತು 12.7 ಮಿಲಿಮೀಟರ್ ಎಂಬ ಎರಡು ದಪ್ಪದಲ್ಲಿ ಬರುತ್ತವೆ. ಅಳೆಯದೆ ತೆಳುವಾದುದನ್ನು ತಂದೆ, ಅದು ಒಳಗೆ ಗಡಗಡ ಅಲುಗಾಡಿತು. ಮರುದಿನ ಹೋಗಿ ಬದಲಿಸಿಕೊಂಡು ಬಂದೆ.

ನಿಜವಾದ ಫಜೀತಿ ಆಮೇಲೆ. ಎಸ್‌ಎಸ್‌ಡಿ ಹಾಕಿಯೂ ಲ್ಯಾಪ್‌ಟಾಪ್ ಮೊದಲಿನಷ್ಟೇ ನಿಧಾನ! ಅರ್ಧ ದಿನ ಹಲ್ಲು ಕಚ್ಚಿಕೊಂಡು ಎರಡು ಪತ್ರಿಕೆ ಮುಗಿಸಿದೆ, ಮಾರಿದವನನ್ನು ಬೈದೆ. ಸಂಜೆ ಅಣ್ಣನ ಮಗ ಬಂದು, ಎಲ್ಲ ಡಿಸ್ಕುಗಳನ್ನು ತೋರಿಸುವ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ ನಕ್ಕ. "ಕಾಕಾ, ನೀವು ಇನ್ನೂ ಹಳೆಯ ವಿಂಡೋಸಿನಲ್ಲೇ ಕೂತಿದ್ದೀರಿ. ಹೊಸದು ಆಫ್‌ಲೈನ್ ಬಿದ್ದಿದೆ."

ಕ್ಲೋನ್ ಮಾಡಿದಾಗ ಡಿಸ್ಕಿನ ಗುರುತಿನ ಸಂಖ್ಯೆಯೂ ನಕಲಾಗಿತ್ತು. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಒಂದನ್ನು ಬದಿಗೆ ಸರಿಸುತ್ತದೆ, ಅದೇ ಆಫ್‌ಲೈನ್. ಬಯಾಸ್ (ವಿಂಡೋಸಿಗೂ ಮೊದಲು ಓಡುವ ತಂತ್ರಾಂಶ) ಕ್ಯಾಡಿಯ ಡಿಸ್ಕನ್ನು ಮೊದಲು ಎಬ್ಬಿಸಿದ್ದರಿಂದ ಬದಿಗೆ ಸರಿದದ್ದು ಎಸ್‌ಎಸ್‌ಡಿ. ನಾನು ತಕ್ಷಣ ಅದರ ಮೇಲೆ ಬಲಗುಂಡಿ ಒತ್ತಿ ಆನ್‌ಲೈನ್ ಮಾಡಲು ಹೋದೆ. ಹುಡುಗ ಕೈ ಹಿಡಿದ. ಆನ್‌ಲೈನ್ ಮಾಡಿದರೆ ವಿಂಡೋಸ್ ಅದಕ್ಕೆ ಹೊಸ ಗುರುತು ಕೊಡುತ್ತದೆ, ಡಿಸ್ಕಿನ ಭಾಗಗಳ ಪಟ್ಟಿಯಿಡುವ ನಮ್ಮಂಥ ಹಳೆಯ ಎಂಬಿಆರ್ ವ್ಯವಸ್ಥೆಯಲ್ಲಿ ಆಮೇಲೆ ಆ ಡಿಸ್ಕಿನಿಂದ ವಿಂಡೋಸ್ ಏಳದೆ ಹೋಗಬಹುದು. ಬಯಾಸಿನಲ್ಲಿ ಬೂಟ್ ಸರದಿ ಬದಲಿಸಿ ಎಸ್‌ಎಸ್‌ಡಿಯಿಂದ ಎಬ್ಬಿಸಿದೆವು. ಈಗ ಹಳೆಯದು ಆಫ್‌ಲೈನ್. ಅದನ್ನು ಆನ್‌ಲೈನ್ ಮಾಡಿದೆವು, ಡಿ ಡ್ರೈವ್ ಬಂತು. ಬೆಳಗಿನ ಎರಡು ಪತ್ರಿಕೆಗಳು ಡೆಸ್ಕ್‌ಟಾಪಿನಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಅವು ಹಳೆಯ ಡಿಸ್ಕಿನ ಡೆಸ್ಕ್‌ಟಾಪಿನಲ್ಲಿದ್ದವು.

ಅಲ್ಲಿಂದ ಕ್ಯಾಡಿ ಎರಡು ತಿಂಗಳು ಸುಖವಾಗಿ ನಡೆಯಿತು. ಅದು ಸೋತದ್ದು ನಮ್ಮ ಊರಿನ ಬೇಸಿಗೆಗೆ. ಹೊರಗೆ 42 ಡಿಗ್ರಿ, ಅಂಗಡಿಯ ಮೇಲೆ ತಗಡಿನ ಮಾಡು. ಡಿಸ್ಕಿನ ಆರೋಗ್ಯ ನೋಡುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ತಾಪ 56 ತೋರಿಸಿತು. ಲ್ಯಾಪ್‌ಟಾಪ್ ಡಿಸ್ಕುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ 60. ಹನ್ನೊಂದು ವರ್ಷದ ದುಡಿಮೆಯನ್ನು ಆ ನಾಲ್ಕು ಡಿಗ್ರಿಯ ಅಂತರದಲ್ಲಿ ಇಡುವ ಧೈರ್ಯ ನನಗೆ ಬರಲಿಲ್ಲ. ಹವಾನಿಯಂತ್ರಿತ ಕಚೇರಿಯವರಿಗೆ ಕ್ಯಾಡಿ ಚೆನ್ನಾಗಿಯೇ ಒಗ್ಗೀತು.

ಡಿಸ್ಕಿನ ಸಾಟಾ ಮೂತಿಯನ್ನು ಯುಎಸ್‌ಬಿಗೆ ಜೋಡಿಸುವ ಬರಿಯ ಸಾಟಾ-ಯುಎಸ್‌ಬಿ ಕೇಬಲ್ ಎಲ್ಲಕ್ಕಿಂತ ಅಗ್ಗ. ಹಾಕಿದ ಕೂಡಲೇ ಡಿಸ್ಕ್ ಟಿಕ್ ಟಿಕ್ ಎಂದಿತು, ಕಂಡಿತು, ಮಾಯವಾಯಿತು. ಡಿಸ್ಕ್ ಸತ್ತೇಹೋಯಿತೆಂದು ಎದೆ ಧಸಕ್ಕೆಂದಿತು. ತಪ್ಪು ಪೋರ್ಟಿನದು: ಯುಎಸ್‌ಬಿ 2.0 ಕೊಡುವುದು 500 ಮಿಲಿ ಆಂಪಿಯರ್, ತಿರುಗಲು ಆರಂಭಿಸುವ ಕ್ಷಣದಲ್ಲಿ ಡಿಸ್ಕಿಗೆ ಅದಕ್ಕಿಂತ ಹೆಚ್ಚು ಬೇಕು. ಎಡಗಡೆಯ ನೀಲಿ ಬಣ್ಣದ 3.0 ಪೋರ್ಟಿಗೆ ಹಾಕಿದೆ. ಅದು 900 ಕೊಡುತ್ತದೆ, ಡಿಸ್ಕ್ ಸದ್ದಿಲ್ಲದೆ ತಿರುಗಿತು. ವೇಗದಲ್ಲೂ ಅಜಗಜಾಂತರ. 64 ಜಿಬಿ ನಕಲಿಗೆ 2.0ರಲ್ಲಿ ಅರ್ಧ ಗಂಟೆ ಹಿಡಿದರೆ ನೀಲಿಯದರಲ್ಲಿ ಹದಿಮೂರು ನಿಮಿಷ. ಆದರೆ ಬೆತ್ತಲೆ ಡಿಸ್ಕು ಮೇಜಿನ ಮೇಲೆ, ಪಕ್ಕದಲ್ಲಿ ಚಹಾದ ಲೋಟ, ಕೆಳಗೆ ಶಹಾಬಾದಿ ಕಲ್ಲಿನ ನೆಲ. ಒಂದು ಸಲ ಮೊಣಕೈ ತಾಗಿ ಅಂಚಿನವರೆಗೆ ಜಾರಿತು. ಅಷ್ಟು ಸಾಕಾಯಿತು. ರಿಪೇರಿ ಮಾಡುವವರ ಚೀಲದಲ್ಲಿ ಈ ಕೇಬಲ್ ಇರಬೇಕಾದದ್ದೇ, ದಿನನಿತ್ಯಕ್ಕಲ್ಲ.

ಕೇಸಿಂಗ್ ಎಂದರೆ ಅದೇ ಕೇಬಲ್, ಮೇಲೊಂದು ಅಂಗಿ. ನಾನು ಪ್ಲಾಸ್ಟಿಕ್ ಬಿಟ್ಟು ಅಲ್ಯೂಮಿನಿಯಮ್ಮಿನದನ್ನು ತೆಗೆದುಕೊಂಡೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಅಂದರೆ ಶಾಖ ಹೊರಗೆ ಬರುತ್ತಿದೆ. ಅದೇ ಮೇ ತಿಂಗಳಲ್ಲಿ ತಾಪ 49 ದಾಟಲಿಲ್ಲ. ಕೆಲಸ ಮುಗಿದ ಮೇಲೆ ಕಳಚಿ ಇಡುವುದರಿಂದ ಅದಕ್ಕೂ ವಿಶ್ರಾಂತಿ. ಒಂದು ದೂರು ಮಾತ್ರ: ಜೊತೆಗೆ ಬಂದ ಅಗಲ ಮೂತಿಯ ಕೇಬಲ್ ನಾಲ್ಕೇ ತಿಂಗಳಲ್ಲಿ ಸಡಿಲವಾಗಿ, ನಕಲಿನ ನಡುವೆ ಡಿಸ್ಕ್ ಬಿಟ್ಟುಹೋಗತೊಡಗಿತು. ಮೊಳವುದ್ದದ ಒಳ್ಳೆಯ ಕೇಬಲ್ ಹಾಕಿದ ಮೇಲೆ ಆ ಕಾಟ ಇಲ್ಲ. ಇನ್ನೊಂದು ತಪ್ಪು ನನ್ನದೇ. ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬಿಗೆ ಕೇಸಿಂಗ್ ಸಿಕ್ಕಿಸಿದ್ದೆ, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಆರಾಮವಾಗಿತ್ತು, ಡಿಸ್ಕ್ ಮಾತ್ರ ಬರೆಯುತ್ತಿದ್ದ ಹಾಗೆಯೇ ನಿಂತುಹೋಯಿತು; ಎರಡು ಫೋಲ್ಡರ್ ಕೆಟ್ಟವು. ಈಗ ನೇರ ಲ್ಯಾಪ್‌ಟಾಪಿಗೇ.

ಇಷ್ಟೆಲ್ಲ ಒದ್ದಾಟವೇಕೆ, ಸಿದ್ಧ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದನ್ನೂ ಕೊಂಡಿದ್ದೇನೆ, ಎರಡನೆಯ ಪ್ರತಿಗೆ. ಚಿಕ್ಕದು, ಚೆಂದದ್ದು. ಆದರೆ ಇಂಥ ಹಲವು ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ, ಒಳಗೆ ಸಾಟಾ ಮೂತಿಯೇ ಇರುವುದಿಲ್ಲ. ಕಿಂಡಿ ಮುರಿದರೆ ಬೇರೆ ಕೇಸಿಂಗಿಗೆ ಹಾಕಿಕೊಳ್ಳುವ ದಾರಿ ಮುಚ್ಚಿತು. ನನ್ನ ಕೇಸಿಂಗ್ ಹಾಳಾದರೆ ಡಿಸ್ಕ್ ತೆಗೆದು ಇನ್ನೊಂದಕ್ಕೆ ಹಾಕುತ್ತೇನೆ, ಎರಡು ನಿಮಿಷದ ಕೆಲಸ. ಹಾಗಾಗಿ ದಿನದ ಕೆಲಸ ಕೇಸಿಂಗಿನಲ್ಲಿ. ಸಿದ್ಧ ಡಿಸ್ಕು ಮನೆಯ ಕಪಾಟಿನಲ್ಲಿ, ಭಾನುವಾರಕ್ಕೊಮ್ಮೆ ಮಾತ್ರ ಅಂಗಡಿಗೆ ಬರುತ್ತದೆ.

ಕ್ಯಾಡಿ ಮೇಜಿನ ಖಾನೆಯಲ್ಲಿದೆ. ಲ್ಯಾಪ್‌ಟಾಪಿನಲ್ಲಿ ಅದಿದ್ದ ಜಾಗ ಖಾಲಿ ಬಿಟ್ಟರೆ ಧೂಳು ನುಗ್ಗುತ್ತದೆಂದು ಹಳೆಯ ಡಿವಿಡಿ ಡ್ರೈವನ್ನೇ ಮತ್ತೆ ಕೂರಿಸಿದೆ. ಮೊನ್ನೆ ಆಳಂದದಿಂದ ಬಂದ ಹಿರಿಯರೊಬ್ಬರು 2009ರ ಮದುವೆಯ ಡಿವಿಡಿಯೊಂದನ್ನು ಕರವಸ್ತ್ರದಿಂದ ಬಿಚ್ಚಿ ಕೈಗಿಟ್ಟರು. ಅವರಿಗೆ ಅದರೊಳಗಿನ ಒಂದು ಫೋಟೊ ಬೇಕಿತ್ತು.