ಶಿರಸಿಯ ಆಲೆಮನೆ ಸಂಜೆ: ಕಬ್ಬಿನ ಹಾಲಿಗೆ ಪೂರ್ತಿ ಅಂಕ, ತೊಡೆದೇವು ಬೇಕಾದರೆ ಬೇಗ ಹೋಗಿ

ಆಲೆಮನೆ ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ಮೊದಲು ಅಲ್ಲಿಯ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ದೊಡ್ಡವರಿಗೆ ಟಿಕೆಟ್ 120 ರೂಪಾಯಿ, ಮಕ್ಕಳಿಗೆ 60. ಅದಕ್ಕೆ ಕಬ್ಬಿನ ಹಾಲು ಹೊಟ್ಟೆ ಹಿಡಿಯುವಷ್ಟು, ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ ಭಜೆ. ತೊಡೆದೇವು (ಕಾಗದದಂಥ ತೆಳು ಸಿಹಿತಿಂಡಿ), ಜೋನಿ ಬೆಲ್ಲ (ಅಚ್ಚು ಹಾಕದ ನೀರು ಬೆಲ್ಲ) ಬೇಕಾದರೆ ಬೇರೆ ದುಡ್ಡು. ನಾನು, ಹೆಂಡತಿ, ಅಮ್ಮ, ಮಗಳು ಹೋಗಿದ್ದೆವು. ಒಳಗೆ ಹೋಗಲು 420 ಆಯಿತು. ವಾಪಸ್ ಬರುವಾಗ ಚೀಲದಲ್ಲಿ ಎರಡು ಕಟ್ಟು ತೊಡೆದೇವು, ಒಂದು ಬಾಟಲಿ ಜೋನಿ ಬೆಲ್ಲ. ಒಟ್ಟು 880 ಖಾಲಿ. ಹೋಟೆಲ್‌ಗೆ ಹೋಗಿದ್ದರೂ ಅಷ್ಟೇ ಆಗುತ್ತಿತ್ತು, ಆದರೆ ಹೋಟೆಲಿನಲ್ಲಿ ಕೊಪ್ಪರಿಗೆ ಪಕ್ಕ ನಿಂತು ನೊರೆ ನೋಡಲು ಯಾರು ಬಿಡುತ್ತಾರೆ?

ಜಾಗ ಬನವಾಸಿ ರಸ್ತೆಯಲ್ಲಿ, ಊರು ದಾಟಿದ ಮೇಲೆ ಒಬ್ಬರ ಗದ್ದೆ. ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲೇ ಚಪ್ಪರ. ನಡೆಸುವವರು ಯಾವ ಕಂಪನಿಯೂ ಅಲ್ಲ, ದೊಡ್ಡ ಸಂಘವೂ ಅಲ್ಲ. ನಮ್ಮ ಕಡೆಯ ಇಪ್ಪತ್ತು ಇಪ್ಪತ್ತೈದು ಜನ ಅಷ್ಟೇ. ಬ್ಯಾಂಕಿನಿಂದ ರಿಟೈರ್ ಆದವರು ಒಬ್ಬರು, ಆಟೋ ಓಡಿಸುವವರು ಇಬ್ಬರು, ಸ್ವಸಹಾಯ ಸಂಘದ ಹೆಂಗಸರು, ಹೈಸ್ಕೂಲ್ ಮಾಣಿಗಳು ಒಂದು ಹಿಂಡು. ಉಳಿದ ದುಡ್ಡೆಲ್ಲ ಊರಿನ ಮಕ್ಕಳ ಯಕ್ಷಗಾನ, ತಬಲಾ, ಈಜು, ಚೆಸ್, ಬೇಸಿಗೆ ಶಿಬಿರದ ಖರ್ಚಿಗೆ ಹೋಗುತ್ತದೆ, ಮನೆಯಲ್ಲಿ ಕಳಿಸುವ ಮನಸ್ಸಿದ್ದೂ ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ. ನಾನು ಹೋಗಿದ್ದು ಅದಕ್ಕಲ್ಲ, ಸತ್ಯ ಹೇಳಬೇಕಲ್ವಾ. ತೊಡೆದೇವಿನ ಆಸೆಗೆ ಹೋಗಿದ್ದೆ.

ಹಾಲಿನ ವಿಷಯದಲ್ಲಿ ಒಂದೇ ಒಂದು ತಕರಾರಿಲ್ಲ. ಪೇಟೆಯ ಗಾಡಿಯಲ್ಲಿ ಐಸ್ ಹಾಕಿ ಅರ್ಧ ನೀರು ಕುಡಿಸುತ್ತಾರೆ, ಇಲ್ಲಿ ಐಸ್ ಇಲ್ಲ. ಬೇಕಾದವರಿಗೆ ಶುಂಠಿ, ಲಿಂಬು ಹಿಂಡಿ ಕೊಡುತ್ತಾರೆ, ಬೇಡವಾದರೆ ಹಾಗೇ. ಕಬ್ಬಿನ ಹಾಲು ಹಿಂಡಿ ಸ್ವಲ್ಪ ಹೊತ್ತು ಇಟ್ಟರೆ ಕಪ್ಪಾಗುತ್ತದೆ, ರುಚಿಯೂ ಹುಳಿಯ ಕಡೆ ತಿರುಗುತ್ತದೆ. ಇವರು ದೊಡ್ಡ ಡ್ರಮ್ಮಿನಲ್ಲಿ ತುಂಬಿಡದೆ ಒಂದೊಂದೇ ಕೊಡ ಹಿಂಡಿ, ಅದು ಮುಗಿದ ಮೇಲೆ ಮುಂದಿನದು ಹಿಂಡುತ್ತಿದ್ದರು. ಅದರಿಂದ ಸಾಲು ನಿಧಾನವಾಯಿತು ನಿಜ, ಆದರೆ ಕೊನೆಯವನಿಗೂ ತಾಜಾ ಹಾಲೇ ಸಿಕ್ಕಿತು. ನಾನು ನಾಲ್ಕು ಲೋಟ ಕುಡಿದೆ. ಐದನೆಯದಕ್ಕೆ ಕೈ ಚಾಚಿದಾಗ ಹೆಂಡತಿ ಒಂದು ನೋಟ ನೋಡಿದಳು, ಸುಮ್ನೆ ಬಿಟ್ಟೆ.

ಗಾಣ ಮಷಿನ್ನಿನದು. ಮಕ್ಕಳಿಗೆ ತೋರಿಸಲು ಅಂತ ಪಕ್ಕದಲ್ಲಿ ಹಳೇ ಕೋಣನ ಗಾಣವನ್ನೂ ಹೂಡಿದ್ದರು, ಒಂದರ್ಧ ಗಂಟೆ ಮಾತ್ರ. ಕೋಣಗಳಿಗೇ ಬೇಜಾರು ಬಂದ ಹಾಗಿತ್ತು.

ತೊಡೆದೇವಿಗೆ ಬರೋಣ. ಗೊತ್ತಿಲ್ಲದವರಿಗೆ ಹೇಳುವುದಾದರೆ, ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ರುಬ್ಬಿ, ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ, ಒಳಗಿನಿಂದ ಬೆಂಕಿ ಕೊಟ್ಟು, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಮೈಮೇಲೆ ಒಂದೇ ಸಲಕ್ಕೆ ತೊಡೆಯಬೇಕು. ಎಬ್ಬಿಸಿದರೆ ಕಾಗದಕ್ಕಿಂತ ತೆಳು. ಬಿಸಿ ಇದ್ದಾಗಲೇ ಮಡಚಬೇಕು, ಆರಿದರೆ ಚೂರಾಗುತ್ತದೆ. ತುಪ್ಪ, ಹಾಲು ಹಾಕಿಕೊಂಡು ತಿಂದರೆ ಊಟ ಬೇಡ. ಇಬ್ಬರು ಅಜ್ಜಿಯರು ಎರಡು ಗಡಿಗೆ ಇಟ್ಟುಕೊಂಡು ಕೂತಿದ್ದರು. ಅವರ ಕೈಚಳಕ ನೋಡಲೇ ಜನ ಸುತ್ತ ಮುತ್ತಿಕೊಂಡಿದ್ದರು. ಒಬ್ಬ ಮಾಣಿ ಮೊಬೈಲ್ ಹಿಡಿದು ತೀರಾ ಹತ್ತಿರ ಬಂದಾಗ ಅಜ್ಜಿ, 'ತಮಾ, ಬೆಂಕಿ ಉಂಟು, ಹಿಂದೆ ಸರಿ' ಅಂದರು, ಕೈ ಮಾತ್ರ ನಿಲ್ಲಲಿಲ್ಲ.

ತೊಂದರೆ ಏನೆಂದರೆ ಎರಡು ಗಡಿಗೆ ಯಾವ ಮೂಲೆಗೂ ಸಾಲುವುದಿಲ್ಲ. ಏಳು ಗಂಟೆಗೆ ತೊಡೆದೇವು ಮುಗಿಯಿತು. ಅಮ್ಮ ಒಳಗೆ ಕಾಲಿಟ್ಟ ಕೂಡಲೇ 'ಮೊದಲು ಅದನ್ನ ತಗೊ' ಅಂದಿದ್ದಕ್ಕೆ ನಮಗೆ ಸಿಕ್ಕಿತು. ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ಮುಖ ಸಣ್ಣ ಮಾಡಿಕೊಂಡು ಹೋಯಿತು. ಮುಂದಿನ ಸಲ ನಾಲ್ಕು ಗಡಿಗೆ ಇಡಿ, ಇಲ್ಲವಾದರೆ ಮೊದಲೇ ಚೀಟಿ ಕೊಡಿ ಮಾರಾಯ್ರೆ.

ಕೊಪ್ಪರಿಗೆ ಹತ್ತಿರ ನಾವು ಜಾಸ್ತಿ ಹೊತ್ತು ಕಳೆದೆವು. ಬೆಲ್ಲ ಕಾಯಿಸುವ ಗೌಡರು ನೊರೆ ತೆಗೆಯುತ್ತಾ, ಮಗಳು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಸ್ವಲ್ಪ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹಿಡಿದು, 'ಈಗ ಇಳಿಸಿದ್ರೆ ಜೋನಿ, ಇನ್ನೂ ಕಾಸಿದ್ರೆ ಅಚ್ಚು' ಅಂತ ತೋರಿಸಿದರು. ಸುಮಾರು ಒಂದು ಕ್ವಿಂಟಾಲ್ ಕಬ್ಬು ಅರೆದರೆ ಹತ್ತು ಕೆಜಿ ಬೆಲ್ಲ ಬರುತ್ತದೆ ಅಂದಾಗ ಮಗಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಈಗ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವ ಮಾತು. ಬಾಗಿಲಲ್ಲೇ ಒಂದು ಕಪ್ಪು ಹಲಗೆ ಇಟ್ಟಿದ್ದರು. ಹೋದ ವರ್ಷ ಬಂದಿದ್ದೆಷ್ಟು, ಕಬ್ಬಿಗೆ ಎಷ್ಟು, ಚಪ್ಪರಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು, ಎಲ್ಲ ಸೀಮೆಸುಣ್ಣದಲ್ಲಿ. ಅದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಸಾಲು. ಮಕ್ಕಳಿಗೆ ಖರ್ಚು ಮಾಡಿದ್ದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ 'ಆಟೋ' ಅಂತ ಬರೆದಿತ್ತು. ತಬಲಾ ಫೀಸಿಗಿಂತ ಆಟೋ ಜಾಸ್ತಿ! ಇದೇನು ಅಂತ ಲೆಕ್ಕ ನೋಡಿಕೊಳ್ಳುವ ಅಕ್ಕೋರನ್ನು ಕೇಳಿದೆ. ಅವರು ಶಾಲೆಯಲ್ಲಿ ಕಲಿಸಿ ರಿಟೈರ್ ಆದವರು, ಪ್ರಶ್ನೆ ಕೇಳಿದರೆ ಈಗಲೂ ಬೋರ್ಡಿನ ಕಡೆ ತಿರುಗಿಯೇ ಉತ್ತರ ಹೇಳುತ್ತಾರೆ.

'ಹುಡುಗಿಯರಿಗೆ ಸರ್ಕಾರಿ ಬಸ್ಸು ಫ್ರೀ, ಸರಿ. ಹುಡುಗರಿಗೆ ನಾವು ಬಸ್ ಚಾರ್ಜ್ ಕೊಡ್ತೇವೆ, ಅದೂ ಸರಿ. ಕ್ಲಾಸ್ ಮುಗಿಯೋದು ಆರೂವರೆಗೆ. ಆಮೇಲೆ ಆ ಮಕ್ಕಳ ಊರಿಗೆ ಬಸ್ಸೇ ಇಲ್ಲ. ಇಲ್ಲದ ಬಸ್ಸಿಗೆ ಫ್ರೀ ಟಿಕೆಟ್ ಇಟ್ಕೊಂಡು ಎಂತ ಮಾಡೋದು?'

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಾನೂ ಹೆಣ್ಣುಮಕ್ಕಳ ಓಡಾಟದ ಚಿಂತೆ ಮುಗಿಯಿತು ಅಂತಲೇ ಅಂದುಕೊಂಡಿದ್ದೆ. ನಮ್ಮ ಕಡೆ ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಕಾಡುದಾರಿ. ಮಳೆಗಾಲದಲ್ಲಿ ಆ ಹೊತ್ತಿಗೆ ಕತ್ತಲು, ಜೊತೆಗೆ ಉಂಬಳ (ಜಿಗಣೆ). ಅಂಥ ದಾರಿಯಲ್ಲಿ ಹತ್ತು ವರ್ಷದ ಕೂಸನ್ನು ಯಾರು ಕಳಿಸುತ್ತಾರೆ? ಫೀಸು ಮಾಫಿ ಮಾಡಿದರೂ ಆ ಮಗು ಬರುವುದಿಲ್ಲ. ಇದನ್ನು ಕಂಡುಕೊಂಡ ಮೇಲೆಯೇ ಇವರು ಒಂದು ದಿಕ್ಕಿನ ಮಕ್ಕಳಿಗೆಲ್ಲ ಒಂದೇ ದಿನ ಕ್ಲಾಸ್ ಇಡಿಸಿ, ಒಂದೇ ಆಟೋದಲ್ಲಿ ಮನೆ ಬಾಗಿಲಿಗೆ ಬಿಡಿಸಲು ಶುರು ಮಾಡಿದ್ದಂತೆ. ಗುಂಪಿನಲ್ಲಿರುವ ಆಟೋದವರೇ ಓಡಿಸುತ್ತಾರೆ, ಪೆಟ್ರೋಲ್ ದುಡ್ಡು ಮಾತ್ರ ತೆಗೆದುಕೊಳ್ಳುತ್ತಾರೆ.

ಯಕ್ಷಗಾನಕ್ಕೂ ಇದೇ ಕತೆ. ವಾರದ ಕ್ಲಾಸಿಗೆ ಫೀಸು ಕಡಿಮೆ. ವರ್ಷದ ಕೊನೆಗೆ ಪ್ರಯೋಗ ಅಂತ ಇರುತ್ತದಲ್ಲ, ಆಗ ವೇಷಭೂಷಣದ ಬಾಡಿಗೆ, ಬಣ್ಣ ಹಚ್ಚುವವರು, ಹಿಮ್ಮೇಳ ಅಂತ ಒಂದೇ ಸಲ ಬಂದು ಕೂರುತ್ತದೆ. ಎಷ್ಟೋ ಮಕ್ಕಳು ವರ್ಷವೆಲ್ಲ ಕುಣಿದು ಆ ತಿಂಗಳು 'ಜ್ವರ' ಬಂದು ಮನೆಯಲ್ಲಿ ಉಳಿಯುತ್ತಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ಜಿಲ್ಲೆ ಇದು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ. ಇಲ್ಲಿ ಒಂದು ಮಗು ಕಿರೀಟದ ಬಾಡಿಗೆಗಾಗಿ ಜ್ವರ ಅಂತ ಸುಳ್ಳು ಹೇಳುವುದು ನನಗಂತೂ ಸರಿ ಕಾಣುವುದಿಲ್ಲ. ಈಗ ಆ ಬಾಡಿಗೆಯನ್ನು ಇವರು ಇಡೀ ತಂಡಕ್ಕೆ ಒಟ್ಟಿಗೆ ಕಟ್ಟಿಬಿಡುತ್ತಾರೆ.

ಒಟ್ಟಿಗೆ ಕಟ್ಟುವುದು, ನನಗೆ ತುಂಬಾ ಹಿಡಿಸಿದ್ದು ಇದು. ನನ್ನ ಮಗಳು ಹೋಗುವ ತಬಲಾ ಕ್ಲಾಸಿನಲ್ಲೂ ಇವರು ಕಳಿಸಿದ ಮಕ್ಕಳಿದ್ದಾರೆ. ಯಾರು ಅಂತ ನನಗೆ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ತಬಲಾ ಮಾಸ್ತರರನ್ನು ಕೇಳಿದರೆ, 'ನನಗೂ ಗೊತ್ತಿಲ್ಲ ಮಾರಾಯ್ರೆ' ಅಂದರು. ಫೀಸಿನ ಕವರು ಎಲ್ಲ ಮಕ್ಕಳೂ ಕೊಡುತ್ತಾರೆ, ಒಂದೇ ಥರದ ಕವರು. ಕೆಲವದರೊಳಗೆ ಮನೆಯ ದುಡ್ಡಿನ ಜೊತೆ ಅಕ್ಕೋರು ಹಾಕಿದ್ದು ಇರುತ್ತದೆ. ಪೂರ್ತಿ ಫ್ರೀ ಯಾರಿಗೂ ಇಲ್ಲ, ಮನೆಯವರೂ ಕೈಲಾದಷ್ಟು ಕೊಡಬೇಕು, 50 ರೂಪಾಯಿ ಆದರೂ ಸರಿ. ಹೆಸರೆಲ್ಲ ಅಕ್ಕೋರ ಒಂದು ನೋಟ್‌ಬುಕ್‌ನಲ್ಲಿ ಮಾತ್ರ.

ಇದನ್ನು ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂದರೆ, ಕೆಲವು ವರ್ಷದ ಹಿಂದೆ ಬೇರೆ ಒಂದು ಕಡೆ ಇಂಥದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಅಲ್ಲಿ ಮಕ್ಕಳನ್ನು ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಕೈಗೆ ದೊಡ್ಡ ಥರ್ಮಾಕೋಲ್ ಚೆಕ್ ಕೊಟ್ಟು, ಹೆಸರು ಕೂಗಿ ಫೋಟೋ ತೆಗೆದರು. ನಮ್ಮ ಪಕ್ಕದ ಮನೆಯ ಹುಡುಗ ಆ ಸಾಲಿನಲ್ಲಿದ್ದ. ಅವನು ಮಾರನೆಯ ವಾರದಿಂದ ಶಿಬಿರಕ್ಕೇ ಹೋಗಲಿಲ್ಲ.

ಇನ್ನು ತಕರಾರು. ಪಾರ್ಕಿಂಗ್ ಬಗ್ಗೆ ಕೇಳಲೇ ಬೇಡಿ. ಗದ್ದೆಯ ಬದುವಿನ ಮೇಲೆ ಕಾರು ಹತ್ತಿಸಿ ನಿಲ್ಲಿಸಿದ್ದೆ, ಇಳಿಸಲು ನಾಲ್ಕು ಜನ ದೂಡಬೇಕಾಯಿತು. ಸ್ಟೀಲ್ ಲೋಟ ಸಾಲದೆ ಆರು ಗಂಟೆಯ ಮೇಲೆ ಕಾಗದದ ಕಪ್ಪು ಬಂತು, ಗದ್ದೆ ತುಂಬ ಅದೇ. ಅತಿಥಿಗಳ ಭಾಷಣ ನಲವತ್ತು ನಿಮಿಷ, ಅಷ್ಟು ಹೊತ್ತು ಭಜೆ ಎಣ್ಣೆಗೆ ಬೀಳಲಿಲ್ಲ.

ನಿಜವಾಗಿ ಸರಿ ಮಾಡಬೇಕಾದ್ದು ಬೇರೆ ಉಂಟು. ದುಡ್ಡು ಕಟ್ಟುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬರುವುದು ಒಬ್ಬರ ಸ್ವಂತ ಖಾತೆಯ ಹೆಸರು. ಅವರ ಬಗ್ಗೆ ನನಗೆ ಒಂದು ಚೂರೂ ಸಂಶಯ ಇಲ್ಲ, ಊರಿಗೆಲ್ಲ ಗೊತ್ತಿರುವ ಮನುಷ್ಯ. ಆದರೆ ನಾಳೆ ಯಾರಾದರೂ ಒಂದು ಮಾತು ಆಡಿದರೆ ಅವರೇ ಸಿಕ್ಕಿಬೀಳುವುದು, ಅಲ್ವಾ? ಇಬ್ಬರು ಸಹಿ ಹಾಕುವ ಜಂಟಿ ಖಾತೆ ತೆರೆಯಲು ಏನು ಕಷ್ಟ? ಹಾಗೆಯೇ ದೊಡ್ಡ ಮೊತ್ತ ಕೊಡುವವರು ಗಮನಿಸಿ, ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಇಲ್ಲಿ ಸಿಗುವುದಿಲ್ಲ. ನೋಂದಣಿ ಆಗಿ ಆದಾಯ ತೆರಿಗೆ ಇಲಾಖೆಯ ಒಪ್ಪಿಗೆ ಪಡೆದ ಟ್ರಸ್ಟ್‌ಗೆ ಮಾತ್ರ ಅದು, ಅಲ್ಲಿಯೂ 2000 ರೂಪಾಯಿ ಮೇಲೆ ನಗದು ಕೊಟ್ಟರೆ ವಿನಾಯಿತಿ ಇಲ್ಲ. ತೆರಿಗೆ ಉಳಿಸಲು ಕೊಡುವವರಿಗೆ ಇದು ಜಾಗ ಅಲ್ಲ. ಕಬ್ಬಿನ ಹಾಲು ಕುಡಿಯುವವರಿಗೆ ತೊಂದರೆ ಇಲ್ಲ.

ಯಾವಾಗ ಹೋಗಬೇಕು? ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫಾಲ್ಗುಣದ ಹೊತ್ತಿಗೆ. ಜಾತ್ರೆ ಇರುವ ವರ್ಷ ಇವರು ಜನವರಿಯಲ್ಲೇ ಮುಗಿಸಿಬಿಡುತ್ತಾರೆ, ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ತಿರುಗುವ ತೊಟ್ಟಿಲು ಹತ್ತಿ ಇಳಿದ ಮೇಲೆ ಯಾರ ಜೇಬಿನಲ್ಲೂ ಏನೂ ಉಳಿದಿರುವುದಿಲ್ಲ ಅಂತ. ಜಾತ್ರೆ ಇಲ್ಲದ ವರ್ಷ ಫೆಬ್ರವರಿ. ಐದು ಗಂಟೆ ಒಳಗೆ ಹೋಗಿ. ಬೈಕ್ ಇದ್ದರೆ ಬೈಕ್ ತೆಗೆದುಕೊಂಡು ಹೋಗಿ. ಮನೆಯಿಂದ ಸ್ಟೀಲ್ ಲೋಟ ಒಯ್ಯಿರಿ, ಯಾರೂ ನಗುವುದಿಲ್ಲ.

ಹೋದ ವರ್ಷ ಉಳಿದ ಚಿಲ್ಲರೆಯಲ್ಲಿ ಮಕ್ಕಳನ್ನು ಒಂದು ದಿನ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದರಂತೆ, ಟಾಗೋರ್ ಕಡಲತೀರದ ಚಾಪಲ್ ಯುದ್ಧನೌಕೆ ನೋಡಲು. ಅಕ್ಕೋರು ಹೇಳಿದ್ದು, ನೌಕೆಯೊಳಗೆ ಹೋಗಲು ಮಕ್ಕಳು ತಯಾರೇ ಇರಲಿಲ್ಲವಂತೆ. ಸಮುದ್ರ ಬಿಟ್ಟು ಬರಲು ಒಪ್ಪಲಿಲ್ಲ. ಕುಮಟಾ ಇಲ್ಲಿಂದ 60 ಕಿಲೋಮೀಟರ್, ಉತ್ತರ ಕನ್ನಡ ಜಿಲ್ಲೆಯ ಒಂದು ಬದಿ ಪೂರ್ತಿ ಕರಾವಳಿ, ಆದರೂ ಆ ಮಕ್ಕಳಲ್ಲಿ ಕೆಲವರು ಅಲೆ ನೋಡಿದ್ದು ಅವತ್ತೇ ಮೊದಲು.

ಜೋನಿ ಬೆಲ್ಲ ನಮ್ಮ ಮನೆಯಲ್ಲಿ ಹದಿನೈದು ದಿನ ಬಂತು. ದೋಸೆಗೆ ಅಮ್ಮ ಬೇರೆ ಏನೂ ಮುಟ್ಟಲಿಲ್ಲ. ಖಾಲಿ ಬಾಟಲಿ ವಾಪಸ್ ಕೊಟ್ಟರೆ 10 ರೂಪಾಯಿ ಕೊಡುತ್ತಾರಂತೆ. ತೊಳೆದು ಇಟ್ಟಿದ್ದೇವೆ.